ಮರೆವಿಗೆ ಜಿಂಕ್ ಮಾತ್ರೆ: ಕೊಡಬೇಕಾ, ಬೇಡ್ವಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರದ ಪ್ರಶ್ನೆ ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನಿಂದ ಬಂದಿದೆ. ಕಳಿಸಿದವರು ಹೀಗೆ ಬರೆದಿದ್ದಾರೆ: "ಅಮ್ಮನಿಗೆ 72. ಒಲೆ ಮೇಲೆ ಹಾಲಿಟ್ಟಿದ್ದು ಮರೀತಾರೆ, ಕೇಳಿದ್ದನ್ನೇ ಮತ್ತೆ ಕೇಳ್ತಾರೆ. ಬೆಂಗಳೂರಲ್ಲಿರೋ ತಮ್ಮ ವಾಟ್ಸಾಪ್‌ನಲ್ಲಿ ಏನೋ ಓದಿ ಜಿಂಕ್ ಮಾತ್ರೆ ಕಳಿಸಿದ್ದಾನೆ. ದಿನಕ್ಕೊಂದು, ಆರು ತಿಂಗಳಾಯ್ತು. ಮುಂದುವರಿಸೋದಾ?"

ವಾಟ್ಸಾಪ್‌ನಲ್ಲಿ ಬಂದಿದ್ದು ಪೂರ್ತಿ ಸುಳ್ಳಲ್ಲ. ಮಿದುಳಿಗೆ ಜಿಂಕ್, ಅಂದ್ರೆ ಸತು, ಬೇಕೇ ಬೇಕು. ನೆನಪು ಕೂಡಿಡುವ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಂತೂ ಕೆಲವು ನರಕೋಶಗಳು ಜಿಂಕನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಒಂದು ಕೋಶ ಪಕ್ಕದ ಕೋಶಕ್ಕೆ ಸಂದೇಶ ಕಳಿಸುವಾಗ ಆ ಜಿಂಕೂ ಹೊರಗೆ ಬೀಳುತ್ತೆ, ಸಂದೇಶ ಅತಿಯಾಗದಂತೆ ಹದ ಮಾಡುತ್ತೆ. ಚೀಲಕ್ಕೆ ಜಿಂಕ್ ತುಂಬುವ ಪ್ರೋಟೀನೇ ಇಲ್ಲದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿ ನೋಡಿದ್ದಾರೆ. ಎಳೆಯ ವಯಸ್ಸಿನಲ್ಲಿ ಚೆನ್ನಾಗಿಯೇ ಇದ್ದವು, ವಯಸ್ಸಾಗ್ತಾ ನೆನಪು ಕುಸಿಯಿತು.

ಹಾಗಾದ್ರೆ ಮಾತ್ರೆ ಕೊಟ್ಟರೆ ಸರಿಹೋಗಬೇಕಲ್ಲ? ಇಲ್ಲೇ ಕತೆ ತಿರುಗೋದು. ಆಲ್ಝೈಮರ್ ಕಾಯಿಲೆಯಲ್ಲಿ ಬೀಟಾ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಚೂರುಗಳು ಮಿದುಳಲ್ಲಿ ಗಂಟು ಕಟ್ಟುತ್ತವೆ. ಆ ಚೂರುಗಳಿಗೆ ಜಿಂಕ್ ಸೇರಿಸಿದರೆ ಬೇಗ ಬೇಗ ಗಂಟಾಗುತ್ತವೆ ಅಂತ 1994ರಲ್ಲೇ ಪ್ರಯೋಗಾಲಯದಲ್ಲಿ ಕಂಡಿತ್ತು. ತೀರಿಕೊಂಡ ರೋಗಿಗಳ ಮಿದುಳು ಪರೀಕ್ಷಿಸಿದಾಗ ಗಂಟುಗಳಲ್ಲಿ ಜಿಂಕ್ ಹೆಚ್ಚಾಗಿಯೇ ಸಿಕ್ಕಿತು. ಅಂದ್ರೆ ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಚೀಲದಲ್ಲಿ ಇರಬೇಕಾದ್ದು ಗಂಟಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಹೊಟ್ಟೆಗೆ ಹಾಕಿದ ಮಾತ್ರೆ ಮಿದುಳಿನೊಳಗಿನ ಈ ಹಂಚಿಕೆಯನ್ನು ಸರಿಮಾಡಲ್ಲ. ರಕ್ತದಿಂದ ಮಿದುಳಿಗೆ ಎಷ್ಟು ಜಿಂಕ್ ಹೋಗಬೇಕು ಅನ್ನೋದಕ್ಕೆ ದೇಹದ್ದೇ ಬಿಗಿ ಕಾವಲಿದೆ. ಗಂಟಿನಿಂದ ಲೋಹವನ್ನು ಬಿಡಿಸುವ ಔಷಧಿಗಳನ್ನೂ ಪ್ರಯೋಗಿಸಿ ನೋಡಿದ್ದಾರೆ, ಯಾವುದೂ ಚಿಕಿತ್ಸೆಯಾಗಿ ನಿಂತಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ನಡೆದಿಲ್ವಾ? ನಡೆದಿದೆ. ಅಮೆರಿಕದಲ್ಲಿ ಕಣ್ಣಿನ ಕಾಯಿಲೆಗಾಗಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ವಯಸ್ಸಾದವರಿಗೆ ದಿನಕ್ಕೆ 80 ಮಿಲಿಗ್ರಾಂ ಜಿಂಕ್ ವರ್ಷಗಟ್ಟಲೆ ಕೊಟ್ಟರು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದರು. 2004ರಲ್ಲಿ ಫಲಿತಾಂಶ ಬಂತು: ಮಾತ್ರೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ.

ಆದ್ರೆ ಕೊರತೆ ಇದ್ದವರ ಮಾತು ಬೇರೆ. ಮನುಷ್ಯರಲ್ಲಿ ಜಿಂಕ್ ಕೊರತೆ ಇರಬಹುದು ಅಂತ ಮೊದಲು ಹೇಳಿದವರು ಬಿಹಾರದ ಬಕ್ಸರ್ ಮೂಲದ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಅವರ ಮುಂದೆ ಬಂದ 21ರ ಯುವಕ ನೋಡೋಕೆ ಹತ್ತು ವರ್ಷದ ಹುಡುಗನಂತಿದ್ದ. ಊಟ ಅಂದ್ರೆ ಹೆಚ್ಚುಕಮ್ಮಿ ಬರೀ ರೊಟ್ಟಿ. ಧಾನ್ಯದಲ್ಲಿರುವ ಫೈಟೇಟ್ ಅನ್ನೋ ವಸ್ತು ಜಿಂಕನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತೆ.

ಈಗ ನಮ್ಮ ಮಲೆನಾಡಿನ ತಟ್ಟೆ ನೋಡಿ. ಐಸಿಎಂಆರ್ 2020ರ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 17, ಹೆಂಗಸರಿಗೆ 13.2 ಮಿಲಿಗ್ರಾಂ ಜಿಂಕ್ ಬೇಕು. ನಾವು ತಿನ್ನೋ ಬಿಳಿ ಅಕ್ಕಿ 100 ಗ್ರಾಂನಲ್ಲಿ ಸಿಗೋದು ಸುಮಾರು 1.2. ಅನ್ನ, ತಿಳಿಸಾರು, ಮಜ್ಜಿಗೆಯಲ್ಲೇ ದಿನ ಕಳೆಯುವ ಹಿರಿಯರಿಗೆ ಇದು ಸಾಲದು. ಹಲ್ಲು ಹೋದ ಮೇಲೆ ಕಾಳು, ಮಾಂಸ ಕಡಿಮೆಯಾಗುತ್ತೆ. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳಿಂದ ಜಿಂಕ್ ಹೊರಹೋಗುವುದೂ ಹೆಚ್ಚು. ಬಾಯಿರುಚಿ ಕೆಡೋದು, ಗಾಯ ಬೇಗ ಮಾಯದಿರೋದು ಕೊರತೆಯ ಲಕ್ಷಣ ಇರಬಹುದು. ಇದಕ್ಕೆ ಅಡುಗೆಮನೆಯಲ್ಲೇ ದಾರಿ ಇದೆ: ಎಳ್ಳು, ಗೇರುಬೀಜ, ಮೊಳಕೆ ಕಾಳು, ಮೊಟ್ಟೆ. ತಿನ್ನುವವರಾದ್ರೆ ಮಾಂಸ, ಮಳೆಗಾಲದ ಏಡಿ ಸಾರು. ನೆನೆಸೋದು, ಮೊಳಕೆ ಬರಿಸೋದು, ದೋಸೆ ಹಿಟ್ಟು ಹುಳಿ ಬರಿಸೋದು, ಇವೆಲ್ಲ ಫೈಟೇಟನ್ನು ಕಡಿಮೆ ಮಾಡುತ್ತವೆ. (ಗದ್ದೆಗೆ ಜಿಂಕ್ ಸಲ್ಫೇಟ್ ಹಾಕೋದು ನೆನಪಿರುತ್ತೆ, ತಟ್ಟೆಯ ಜಿಂಕ್ ಯಾರಿಗೂ ನೆನಪಾಗಲ್ಲ!)

ಮಾತ್ರೆ ತಿಂದರೆ ಏನು ನಷ್ಟ ಅಂತೀರಾ? ನಷ್ಟ ಇದೆ. ಮಾರುಕಟ್ಟೆಯ ಕೆಲವು ಮಾತ್ರೆಗಳಲ್ಲಿ 50 ಮಿಲಿಗ್ರಾಂ ಇರುತ್ತೆ, ದಿನದ ಮೇಲ್ಮಿತಿ 40. ಜಿಂಕ್ ತಿಂಗಳುಗಟ್ಟಲೆ ಹೆಚ್ಚಾದ್ರೆ ಕರುಳಿನ ಕೋಶಗಳು ತಾಮ್ರವನ್ನು ಹಿಡಿದಿಟ್ಟು, ತಾವು ಉದುರುವಾಗ ಅದನ್ನೂ ಹೊರಹಾಕುತ್ತವೆ. ದೇಹಕ್ಕೆ ತಾಮ್ರ ಸಿಗದೆ ರಕ್ತಹೀನತೆ, ಪಾದ ಜೋಮು, ನಡೆಯುವಾಗ ತೂರಾಡೋದು ಶುರುವಾಗಬಹುದು. ವಿದೇಶದಲ್ಲಿ ಹಲ್ಲಿನ ಸೆಟ್ ಅಂಟಿಸುವ, ಜಿಂಕ್ ಇರುವ ಕ್ರೀಮನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೂ ಹೀಗಾಗಿದೆ. ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು. ಮನೆಯವರು ಇದನ್ನೂ "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡ್ತಾರೆ, ಮಾತ್ರೆ ಮಾತ್ರ ಮುಂದುವರಿಯುತ್ತೆ.

ನನಗೆ ಹೆಚ್ಚು ಚಿಂತೆ ಆಗೋದು ಈ ಆರು ತಿಂಗಳ ಬಗ್ಗೆ. ಮರೆವಿಗೆ ವಾಸಿ ಮಾಡಬಹುದಾದ ಕಾರಣಗಳೂ ಇರುತ್ತವೆ: ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆಯ ಪರಿಣಾಮ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ, ಅದನ್ನೂ ಥೈರಾಯ್ಡನ್ನೂ ಒಂದು ರಕ್ತಪರೀಕ್ಷೆ ಹೇಳಿಬಿಡುತ್ತೆ. ಡಿಮೆನ್ಶಿಯಾ ತಡೆ ಬಗ್ಗೆ 2024ರಲ್ಲಿ ಬಂದ ಲ್ಯಾನ್ಸೆಟ್ ಆಯೋಗದ ವರದಿ ನಾವು ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದ, ದೃಷ್ಟಿ ಮಂದ, ಒಂಟಿತನ ಎಲ್ಲ ಅದರಲ್ಲಿವೆ. ಜಿಂಕ್ ಇಲ್ಲ. ನಮ್ಮ ಹಳ್ಳಿಯವರ ಮಿದುಳು ಹೇಗೆ ಮುಪ್ಪಾಗುತ್ತೆ ಅನ್ನೋದನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸ್ತಾ ಇದೆ, 45 ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸಿ.

ಹಾಗಾಗಿ ಕೋಣಂದೂರಿನ ಅಕ್ಕ, ಸದ್ಯಕ್ಕೆ ಆ ಮಾತ್ರೆ ನಿಲ್ಲಿಸಿ. ಅದು ವೈದ್ಯರು ಬರೆದುಕೊಟ್ಟಿದ್ದಾದ್ರೆ ಮಾತ್ರ ಅವರನ್ನು ಕೇಳಿಯೇ ನಿಲ್ಲಿಸಿ. ಅಮ್ಮನನ್ನು ತೀರ್ಥಹಳ್ಳಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಅವರು ತಗೊಳ್ತಿರೋ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡೇ ಹೋಗಿ, ಜಿಂಕಿನದ್ದೂ ಸೇರಿಸಿ. ಬಿ12, ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ನೋಡೋಕೆ ಕೇಳಿ. ಕಾಲು ಜೋಮು ಇದ್ರೆ ಅದನ್ನು ಹೇಳೋಕೆ ಮರೀಬೇಡಿ. ಕಿವಿ ಪರೀಕ್ಷೆಯೂ ಆಗಲಿ: ಕೇಳಿದ್ದನ್ನೇ ಕೇಳೋರಲ್ಲಿ ಕೆಲವರಿಗೆ ಮೊದಲ ಸಲ ಉತ್ತರವೇ ಕೇಳಿಸಿರಲ್ಲ.