ಐದು ಕಸುಬುಗಳ ಕಣ್ಣಿನಲ್ಲಿ ರಾಜಧಾನಿ

ಸವದತ್ತಿ ತಾಲೂಕಿನ ಸಿರಸಂಗಿಯ ಹೆಸರು ಎರಡು ಕಾರಣಗಳಿಂದ ನಾಡಿನ ಉದ್ದಗಲಕ್ಕೂ ಪರಿಚಿತವಾಗಿದೆ. ತಮ್ಮ ಆಸ್ತಿಯನ್ನು ವಿದ್ಯಾಪ್ರಸಾರಕ್ಕೆಂದು ಧಾರೆಯೆರೆದ ಲಿಂಗರಾಜ ದೇಸಾಯಿಯವರು (1861–1906) ಆ ಊರಿನವರೆಂಬುದು ಒಂದು ಕಾರಣ. ಅಲ್ಲಿಯ ಕಾಳಿಕಾದೇವಿಯ ಗುಡಿ ಇನ್ನೊಂದು. ಈ ದೇವಿ ವಿಶ್ವಕರ್ಮರ ಕುಲದೇವತೆ. ಕಂಬಾರ, ಬಡಿಗ, ಕಂಚಗಾರ, ಕಲ್ಲುಕುಟಿಗ, ಪತ್ತಾರ ಎಂಬ ಐದೂ ಕಸುಬಿನವರು ದೂರದೂರದ ಊರುಗಳಿಂದ ಬಂದು ಈಕೆಗೆ ನಡೆದುಕೊಳ್ಳುತ್ತಾರೆ. ಕಬ್ಬಿಣ, ಮರ, ತಾಮ್ರ, ಕಲ್ಲು, ಚಿನ್ನ ಇವು ಆ ಐದು ಕಸುಬುಗಳ ವಸ್ತುಗಳು. ಇವನ್ನು ಮಾನವನು ಪಳಗಿಸಿಕೊಂಡ ಬಗೆಯನ್ನು ಬಲ್ಲವನು ನಾಗರಿಕತೆಯ ಕಥೆಯಲ್ಲಿ ಅರ್ಧವನ್ನು ಬಲ್ಲವನೆಂದರೆ ತಪ್ಪಾಗಲಾರದು.

ಸಿರಸಂಗಿಯಂತಹ ಊರುಗಳ ಶಾಲೆಗಳಿಂದ ಚಳಿಗಾಲದಲ್ಲಿ ವಿದ್ಯಾರ್ಥಿಗಳ ತಂಡಗಳು ಬೆಂಗಳೂರಿನ ಪ್ರವಾಸಕ್ಕೆ ಹೊರಡುವುದು ವಾಡಿಕೆ. ರಾತ್ರಿಯೆಲ್ಲ ಪ್ರಯಾಣ, ಬೆಳಗಿಗೆ ರಾಜಧಾನಿ. ವಿಧಾನಸೌಧದ ಎದುರು ನಿಂತು ಒಂದು ಚಿತ್ರ, ಲಾಲ್‌ಬಾಗಿನಲ್ಲಿ ಒಂದು ಸುತ್ತು, ವಸ್ತುಸಂಗ್ರಹಾಲಯದಲ್ಲಿ ಒಂದು ತಾಸಿನ ಓಟ. ಊರಿಗೆ ಮರಳಿದ ಮೇಲೆ “ಏನು ನೋಡಿದಿರಿ?” ಎಂದು ಹಿರಿಯರು ಕೇಳಿದರೆ, “ಎಲ್ಲವನ್ನೂ ನೋಡಿದೆವು” ಎಂಬ ಉತ್ತರವೇನೋ ದೊರೆಯುತ್ತದೆ. ಆದರೆ ಒಂದು ವಸ್ತುವಿನ ವಿಷಯವಾಗಿ ನಾಲ್ಕು ಮಾತು ಹೇಳಿರೆಂದರೆ ಮೌನ! ಇದು ವಸ್ತುಗಳ ದೋಷವಲ್ಲ. ಪ್ರಶ್ನೆ ಕೇಳದವನಿಗೆ ಕಲ್ಲು ಉತ್ತರ ಕೊಡುವುದಿಲ್ಲ.

ಆದುದರಿಂದ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಯು ಬುತ್ತಿಯ ಜೊತೆಯಲ್ಲಿ ಮೂರು ಪ್ರಶ್ನೆಗಳನ್ನೂ ಕಟ್ಟಿಕೊಂಡು ಹೋಗಲಿ. ಇದು ಯಾವ ವಸ್ತುವಿನಿಂದ ಆಗಿದೆ? ಆ ಕೆಲಸಕ್ಕೆ ಆ ವಸ್ತುವೇ ಏಕೆ ಬೇಕಾಯಿತು? ಇದರ ಬಗ್ಗೆ ನಾವು ಕೇಳಿರುವ ಕಥೆಗೆ ಸಾಕ್ಷಿಯೇನು? ಈ ಮೂರನ್ನು ಹಿಡಿದುಕೊಂಡು, ಸಿರಸಂಗಿಯ ಐದು ಕಸುಬುಗಳ ಕಣ್ಣಿನಿಂದ ಬೆಂಗಳೂರನ್ನು ಒಮ್ಮೆ ನೋಡೋಣ.

ಮುನ್ನೂರು ಕೋಟಿ ವರ್ಷಗಳ ಬಂಡೆ

ಮೊದಲು ಕಲ್ಲು. 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗ್ ತೋಟದ ನಡುವೆ ಬೋಳು ಬಂಡೆಯ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವುಂಟು. ಬಂದವರೆಲ್ಲರೂ ಗೋಪುರವನ್ನು ನೋಡಲು ಬಂಡೆಯನ್ನು ತುಳಿದು ಮೇಲೇರುತ್ತಾರೆ. ಆದರೆ ಬೆಂಗಳೂರಿನ ಅತ್ಯಂತ ಪುರಾತನ ಸ್ಮಾರಕ ಗೋಪುರವಲ್ಲ. ಅವರು ತುಳಿಯುತ್ತಿರುವ ಬಂಡೆಯೇ ಆ ಸ್ಮಾರಕ! ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಈ ಶಿಲೆಗೆ ‘ನೀಸ್’ ಎಂದು ಹೆಸರು. ಬಗ್ಗಿ ನೋಡಿದರೆ ಅದರಲ್ಲಿ ಬಿಳಿಯ ಮತ್ತು ಕಪ್ಪು ಪಟ್ಟೆಗಳು ಹೊರಳಿ ಹರಿದಿರುವುದು ಕಾಣುತ್ತದೆ. ಭೂಮಿಯ ಒಡಲಿನಲ್ಲಿ ಬಹು ಆಳದಲ್ಲಿದ್ದಾಗ ಅಪಾರವಾದ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಅದರ ಖನಿಜಗಳು ಸಾಲುಗೂಡಿದುದರ ಗುರುತೇ ಆ ಪಟ್ಟೆಗಳು. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷಗಳೆಂಬುದನ್ನು ನೆನೆದರೆ ಈ ಬಂಡೆಯ ಹಿರಿತನ ಅರಿವಾದೀತು.

ಆದರೆ ಹುಟ್ಟಿದಾಗ ಯಾರೂ ನೋಡದ ಬಂಡೆಯ ವಯಸ್ಸನ್ನು ಹೇಳುವುದು ಹೇಗೆ? ಇಂತಹ ಶಿಲೆಗಳಲ್ಲಿ ಜಿರ್ಕಾನ್ ಎಂಬ ಖನಿಜದ ಅತಿ ಸಣ್ಣ ಹರಳುಗಳಿರುತ್ತವೆ. ಹರಳು ಗಟ್ಟಿಯಾಗುವಾಗ ಯುರೇನಿಯಮನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಒಳಸೇರಿದ ಯುರೇನಿಯಂ ನಿಶ್ಚಿತವಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ–238ರ ಒಂದು ಭಾಗ ಅರ್ಧವಾಗಲು ಸುಮಾರು 447 ಕೋಟಿ ವರ್ಷಗಳು ಬೇಕು. ಆದ್ದರಿಂದ ಹರಳಿನಲ್ಲಿ ಈಗ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ವಯಸ್ಸು ತಾನಾಗಿ ದೊರೆಯುತ್ತದೆ. ಬಂಡೆಯು ತನ್ನ ಜನನಪತ್ರವನ್ನು ತನ್ನೊಳಗೇ ಇಟ್ಟುಕೊಂಡಿದೆ.

ಅಕ್ಷರ ಹೊತ್ತ ಕಲ್ಲು

ಬೆಂಗಳೂರಿನ ಹೆಸರಿನ ಕಥೆಯನ್ನು ಕೇಳದವರಿಲ್ಲ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದನಂತೆ. ಮುದುಕಿಯೊಬ್ಬಳು ಅವನಿಗೆ ಬೆಂದ ಕಾಳು ಕೊಟ್ಟಳಂತೆ. ಅಂದಿನಿಂದ ಊರು ‘ಬೆಂದಕಾಳೂರು’ ಆಯಿತಂತೆ. ಕಥೆ ಸೊಗಸಾಗಿದೆ. ಸಾಕ್ಷಿ?

ನಗರದ ದಕ್ಷಿಣಕ್ಕೆ ಬೇಗೂರಿನಲ್ಲಿ ನಾಗೇಶ್ವರನ ಪುರಾತನ ದೇವಾಲಯವಿದೆ. ಅಲ್ಲಿರುವ ಗಂಗರ ಕಾಲದ ಶಾಸನವೊಂದರಲ್ಲಿ ‘ಬೆಂಗಳೂರ’ ಕಾಳಗವೊಂದರ ಉಲ್ಲೇಖ ಬರುತ್ತದೆ. ಅಕ್ಷರಗಳ ರೂಪವನ್ನೂ ಶಾಸನದಲ್ಲಿ ಬರುವ ಹೆಸರುಗಳನ್ನೂ ಆಧಾರವಾಗಿಟ್ಟುಕೊಂಡು ವಿದ್ವಾಂಸರು ಇದರ ಕಾಲವನ್ನು ಸುಮಾರು ಕ್ರಿ.ಶ. 890 ಎಂದು ಗೊತ್ತುಮಾಡಿದ್ದಾರೆ. ಇಮ್ಮಡಿ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಅಂದರೆ ದೊರೆಯು ಕಾಳು ತಿನ್ನುವುದಕ್ಕೆ ಸುಮಾರು ಮುನ್ನೂರು ವರ್ಷಗಳ ಮೊದಲೇ ಊರಿಗೆ ಆ ಹೆಸರಿತ್ತು! ಒಂದು ಕಲ್ಲು ಒಂದು ಕಥೆಯನ್ನು ತಿದ್ದಿತು. ಇತಿಹಾಸದ ಅಧ್ಯಯನವು ವಿಜ್ಞಾನವಾಗುವುದು ಇಂತಹ ಎಡೆಯಲ್ಲಿಯೇ.

ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು ಸ್ಥಾಪನೆಯಾದುದು 1865ರಲ್ಲಿ. ಇದರ ಕೆಂಪು ಕಟ್ಟಡ 1877ರದು. ಇದರ ಸಂಗ್ರಹಕ್ಕೆ ಸೇರಿದ ಆತಕೂರಿನ ಶಾಸನವನ್ನು ತಪ್ಪದೆ ನೋಡಬೇಕು. ಅದು ಶಕವರ್ಷ 872ರದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕದ ವರ್ಷ ಸರಿಸುಮಾರಾಗಿ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ವಾರ್ತೆ ಅದರಲ್ಲಿದೆ. ಅದರ ಜೊತೆಗೇ ನಾಯಿಯೊಂದರ ಕಥೆಯೂ ಇದೆ. ಗಂಗ ಬೂತುಗನು ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗಾಗಿ ಕಲ್ಲು ನಿಂತಿತು, ಹಂದಿ-ನಾಯಿಗಳ ಹೋರಾಟದ ಶಿಲ್ಪವೂ ಅದರ ಮೇಲೆ ಮೂಡಿತು. ರಾಜರ ಯುದ್ಧದ ತೇದಿಯನ್ನು ನಮಗೆ ಉಳಿಸಿಕೊಟ್ಟದ್ದು ಒಂದು ನಾಯಿಯ ಸಮಾಧಿ ಎಂಬುದು ಎಂತಹ ವಿಚಿತ್ರ!

ಆದರೆ ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಮನುಷ್ಯನ ಅಲಕ್ಷ್ಯದ ಮುಂದೆ ಅದು ಮೆತ್ತಗೆ. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಹೊರತಂದರು. ಅದರಲ್ಲಿ ದಾಖಲಾದ ಕಲ್ಲುಗಳಲ್ಲಿ ಹಲವು ನಗರ ಬೆಳೆದಂತೆಲ್ಲ ತಳಪಾಯಗಳ ಅಡಿಗೂ ರಸ್ತೆಗಳ ಅಡಿಗೂ ಸೇರಿಹೋದವು. ಉಳಿದವನ್ನಾದರೂ ಕಾಪಾಡಬೇಕೆಂದು ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಅವುಗಳ ಮೂರು ಆಯಾಮದ ಪ್ರತಿಗಳನ್ನು ಬೆಳಕಿನ ಯಂತ್ರಗಳಿಂದ ದಾಖಲಿಸುವ ಕಾರ್ಯದಲ್ಲಿ ತೊಡಗಿತು. ಸವೆದುಹೋಗಿ ಕಣ್ಣಿಗೆ ಕಾಣದ ಅಕ್ಷರಗಳೂ ಇಂತಹ ಪ್ರತಿಗಳಲ್ಲಿ ಓದಲು ದೊರೆಯುವುದುಂಟು.

ಬಡಿಗನ ಅರಮನೆ

ಇನ್ನು ಮರ. ಕಲಾಸಿಪಾಳ್ಯದ ಬಳಿ, ಕೋಟೆಯ ನೆರೆಯಲ್ಲಿ ಟಿಪ್ಪುವಿನ ಬೇಸಗೆ ಅರಮನೆ ಇದೆ. 1781ರಲ್ಲಿ ಹೈದರಾಲಿಯು ಆರಂಭಿಸಿದ ಈ ಕಟ್ಟಡವನ್ನು 1791ರಲ್ಲಿ ಟಿಪ್ಪು ಸುಲ್ತಾನನು ಮುಗಿಸಿದನು. ಅರಮನೆಯೆಂದೊಡನೆ ಕಲ್ಲು ಗೋಡೆಗಳನ್ನು ನಿರೀಕ್ಷಿಸುವವನಿಗೆ ಇಲ್ಲಿ ತೇಗದ ಕಂಬಗಳ ಸಾಲು ಎದುರಾಗುತ್ತದೆ.

ಮರವೇ ಏಕೆ? ಕಲ್ಲು ಭಾರವನ್ನು ಹೊರಬಲ್ಲದು, ಆದರೆ ಎಳೆತವನ್ನು ತಾಳಲಾರದು. ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಕಲ್ಲಿನ ತೊಲೆಯು ತನ್ನ ಭಾರಕ್ಕೇ ತುಸು ಬಾಗಿದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ನಮ್ಮ ಕಲ್ಲಿನ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೆ ಇದೊಂದು ಮುಖ್ಯ ಕಾರಣ. ಮರದಲ್ಲಿಯಾದರೋ ಉದ್ದಕ್ಕೂ ಹರಿದ ನಾರುಗಳು ಎಳೆತವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಕಂಬಗಳನ್ನು ದೂರದೂರ ನಿಲ್ಲಿಸಿ, ಗಾಳಿಯಾಡುವ ಹಜಾರಗಳನ್ನು ಕಟ್ಟಲು ಸಾಧ್ಯವಾಯಿತು. ತೇಗದಲ್ಲಿ ಸಹಜವಾಗಿರುವ ಎಣ್ಣೆಯಂಶಕ್ಕೆ ಗೆದ್ದಲು ಸುಲಭವಾಗಿ ತಗಲದು. ಕಂಬದ ಬುಡವನ್ನಂತೂ ನೋಡಿಯೇ ಬರಬೇಕು: ಅದು ನೆಲಕ್ಕೆ ತಾಕುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವವು ಮರಕ್ಕೆ ಏರದಂತೆ ಬಡಿಗನು ಹೂಡಿದ ಉಪಾಯವದು. ಊರ ಹಳೆಯ ಮನೆಗಳ ಪಡಸಾಲೆಯಲ್ಲಿಯೂ ಇದೇ ಉಪಾಯವನ್ನು ನೀವು ಕಂಡಿರಬಹುದಲ್ಲವೆ?

ಕಂಬಾರನ ಬಾಣ, ಗಾಜಿನ ಮನೆ

ಟಿಪ್ಪುವಿನ ಹೆಸರು ಬಂದಾಗ ಕಬ್ಬಿಣದ ಮಾತೂ ಬರಲೇಬೇಕು. ಮೈಸೂರಿನ ಸೈನ್ಯದ ಬಾಣಗಳು, ಅಂದರೆ ರಾಕೆಟ್ಟುಗಳು, ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಮಾಡಿದವು. ಕಾಗದದ ಇಲ್ಲವೆ ಬಿದಿರಿನ ಕೊಳವೆಯಾದರೆ ಮದ್ದಿನ ಹೊಗೆಯ ಒತ್ತಡ ಹೆಚ್ಚಿದೊಡನೆ ಒಡೆದುಹೋಗುತ್ತದೆ. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುವುದರಿಂದ ಅನಿಲವು ಹಿಂದಿನ ರಂಧ್ರದಿಂದ ಬಿರುಸಾಗಿ ನುಗ್ಗಿ, ಬಾಣವನ್ನು ಬಹುದೂರ ತಳ್ಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ಇವನ್ನು ಮಾದರಿಯಾಗಿಟ್ಟುಕೊಂಡು ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಇಂತಹ ಸಾವಿರಕ್ಕೂ ಮಿಕ್ಕ ಕೊಳವೆಗಳು ಸಿಕ್ಕವು.

ಅದೇ ಕಬ್ಬಿಣದ ಸೌಮ್ಯ ರೂಪವನ್ನು ನೋಡಬೇಕಾದರೆ ಲಾಲ್‌ಬಾಗಿನ ಗಾಜಿನ ಮನೆಗೆ ಹೋಗಬೇಕು. 1889ರಲ್ಲಿ ಇದಕ್ಕೆ ಅಡಿಗಲ್ಲು ಬಿತ್ತು. ಲಂಡನ್ನಿನ 1851ರ ಮಹಾಪ್ರದರ್ಶನದ ಸ್ಫಟಿಕ ಭವನವೇ ಇದರ ಸ್ಫೂರ್ತಿ. ಎರಕದ ಕಬ್ಬಿಣದ ಸಣಕಲು ಕಂಬವೊಂದು ದಪ್ಪ ಕಲ್ಲುಕಂಬದ ಭಾರವನ್ನು ಹೊರಬಲ್ಲದೆಂಬುದು ತಿಳಿದ ಮೇಲೆ ಗೋಡೆಗಳು ಕರಗಿ, ಬೆಳಕು ಒಳಗೆ ಬಂದಿತು. ಲಂಡನ್ನಿನ ಭವನವು 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರಿನದು ಇಂದಿಗೂ ಫಲಪುಷ್ಪಗಳಿಗೆ ನೆರಳಾಗಿ ನಿಂತಿದೆ.

ತಾಮ್ರದ ತಂತಿ, ಚಿನ್ನದ ಗಣಿ

ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. 1962ರಲ್ಲಿ ಪಂಡಿತ ನೆಹರೂ ಅವರು ಇದರ ಕಟ್ಟಡವನ್ನು ಉದ್ಘಾಟಿಸಿದರು. 1965ರಲ್ಲಿ ತೆರೆದ ಮೊದಲ ವಿಭಾಗದ ವಿಷಯ ವಿದ್ಯುಚ್ಛಕ್ತಿ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯೂ ಇಲ್ಲಿದೆ. ಇಲ್ಲಿ ಮುಟ್ಟಬಾರದೆಂಬ ಕಟ್ಟಳೆ ಕಡಿಮೆ. ತಿರುಗಿಸಿ, ಒತ್ತಿ, ಎಳೆದು ನೋಡುವುದೇ ಇಲ್ಲಿಯ ಪಾಠ.

ವಿದ್ಯುತ್ತನ್ನು ಈ ನಗರದಲ್ಲಿ ಕಲಿಯುವುದಕ್ಕೆ ಒಂದು ಔಚಿತ್ಯವಿದೆ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದ ವಿದ್ಯುತ್ತು ಮೊದಲು ಹರಿದುದು ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟಿನಲ್ಲಿ ಬೆಂಗಳೂರಿಗೂ ದೀಪ ಬಂದಿತು. ಅಷ್ಟು ದೂರ ಸಾಗುವಾಗ ತಂತಿ ಕಾದು ಶಕ್ತಿಯೆಲ್ಲ ದಾರಿಯಲ್ಲಿಯೇ ಸೋರಿಹೋಗದೆ? ಇದಕ್ಕೆ ಎಂಜಿನಿಯರುಗಳು ಕಂಡ ಪರಿಹಾರ ಹೀಗಿದೆ. ತಂತಿಯಲ್ಲಿ ಆಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಒತ್ತಡವನ್ನು ಎರಡು ಪಟ್ಟು ಮಾಡಿದರೆ ಅದೇ ಶಕ್ತಿಯನ್ನು ಒಯ್ಯಲು ಅರ್ಧ ಪ್ರವಾಹ ಸಾಕು. ಆಗ ನಷ್ಟವು ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಮಾಡಿದರೆ ನಷ್ಟ ನೂರರಲ್ಲೊಂದು ಪಾಲು. ಆದುದರಿಂದಲೇ 30,000 ವೋಲ್ಟಿನ ಆಸುಪಾಸಿನ ಒತ್ತಡದಲ್ಲಿ ಅದನ್ನು ಕಳುಹಿಸಿದರು. ಹೀಗೆ ಕಂಚಗಾರನ ತಾಮ್ರವು ಪತ್ತಾರನ ಚಿನ್ನವನ್ನು ಮೇಲೆತ್ತಿತು! ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅವು ಕೊಟ್ಟುದು ಚಿನ್ನವೊಂದನ್ನೇ ಅಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹನ್ನು 1965ರಲ್ಲಿ ವಿಜ್ಞಾನಿಗಳು ಗುರುತಿಸಿದುದು ಆ ಗಣಿಯ ಆಳದಲ್ಲಿಯೇ.

ಮರಳಿ ಊರಿಗೆ

ಪ್ರವಾಸ ಮುಗಿಯುವುದು ಬಸ್ಸು ಊರು ಸೇರಿದಾಗ ಅಲ್ಲ. ಸಿರಸಂಗಿಗೆ ಆ ಹೆಸರು ಋಷ್ಯಶೃಂಗ ಮುನಿಯಿಂದ ಬಂತೆಂಬ ಐತಿಹ್ಯವಿದೆ. ಬೆಂದ ಕಾಳಿನ ಕಥೆಯನ್ನು ಬೇಗೂರಿನ ಕಲ್ಲಿನ ಮುಂದೆ ಇಟ್ಟು ನೋಡಿದ ವಿದ್ಯಾರ್ಥಿಗೆ ಈಗ ತನ್ನ ಊರಿನ ಕಥೆಯ ಮುಂದೆಯೂ ಅದೇ ಪ್ರಶ್ನೆ ಏಳಬೇಕು. ಊರಿನ ಹೆಸರು ಯಾವ ಕಲ್ಲಿನಲ್ಲಿ ಹೇಗೆ ಬರೆದಿದೆ? ಗುಡಿಯ ಗೋಡೆಯಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಅಕ್ಷರವುಳ್ಳ ಕಲ್ಲುಗಳೆಷ್ಟಿವೆ? ಅವುಗಳಲ್ಲಿ ಯಾವುದನ್ನು ಯಾರೋ ಬಟ್ಟೆ ಒಗೆಯುವ ಕಲ್ಲಾಗಿ ಮಾಡಿಕೊಂಡಿದ್ದಾರೆ? ಇದ್ದಲ್ಲಿಯೇ ಇರುವ ಅವುಗಳ ಅಳತೆ, ಚಿತ್ರ, ಸ್ಥಳ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಹಣವೂ ಬೇಡ, ಪದವಿಯೂ ಬೇಡ. ಕಲ್ಲಿಗೆ ಸುಣ್ಣ ಬಳಿಯಬಾರದು, ಅಕ್ಷರವನ್ನು ಮೊಳೆಯಿಂದ ಕೆರೆಯಬಾರದು ಎಂಬ ಎಚ್ಚರವಿದ್ದರೆ ಸಾಕು.

ಲಿಂಗರಾಜರು ತಮ್ಮ ಸಂಪತ್ತನ್ನು ಬಿಟ್ಟುಹೋದುದು ಹಳ್ಳಿಯ ಮಕ್ಕಳು ಕಲಿಯಲೆಂದು. ಅವರ ಹೆಸರನ್ನು ಹೊತ್ತ ಕಾಲೇಜು ಬೆಳಗಾವಿಯಲ್ಲಿ 1933ರಿಂದ ನಡೆದುಬಂದಿದೆ. ಅಂತಹ ಊರಿನ ವಿದ್ಯಾರ್ಥಿಯು ರಾಜಧಾನಿಯನ್ನು ನೋಡಿ ಬೆರಗಾಗಿ ಮರಳಿದರೆ ಸಾಲದು. ನೋಡುವ ಬಗೆಯನ್ನು ಕಲಿತು ಮರಳಬೇಕು. ಹಾಗೆ ಮರಳಿದವನಿಗೆ ತನ್ನ ಊರೇ ಒಂದು ವಸ್ತುಸಂಗ್ರಹಾಲಯವಾಗಿ ಕಾಣುವುದರಲ್ಲಿ ಸಂದೇಹವಿಲ್ಲ. ಅದಕ್ಕೆ ಬಾಗಿಲಿಲ್ಲ, ಕಾವಲುಗಾರನೂ ಇಲ್ಲ. ಅವನೇ ಅದರ ಕಾವಲುಗಾರ.