ಕೋವಿಯ ಕೆಂಪು ಚುಕ್ಕೆಯೂ ಕಾಯಿದೆಯೂ

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಣ್ಣ ಮಾತು ಈ ಲೇಖನಕ್ಕೆ ಕಾರಣ. ನಮ್ಮ ಊರು ಮಲೆನಾಡಿನ ಕಾಡಂಚಿನಲ್ಲಿದೆ. ಗದ್ದೆಯಲ್ಲಿ ತೆನೆ ತುಂಬುವ ಕಾಲಕ್ಕೆ ಸರಿಯಾಗಿ ಹಂದಿಗಳ ಹಿಂಡು ಇಳಿಯುತ್ತದೆ. ಒಂದು ರಾತ್ರಿ ಮೈಮರೆತರೆ ಮೂರು ತಿಂಗಳ ದುಡಿಮೆ ಮಣ್ಣುಪಾಲು. ಆದ್ದರಿಂದ ನಮ್ಮ ಅಪ್ಪಯ್ಯ ಮಾಳದಲ್ಲಿ ಮಲಗುವುದು ವಾಡಿಕೆ. ಅವರ ಬಳಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಉಂಟು. ಅದಕ್ಕೆ ಬೆಳೆರಕ್ಷಣೆಗೆಂದು ಕೊಟ್ಟ ಲೈಸೆನ್ಸೂ ಉಂಟು. ಆ ಲೈಸೆನ್ಸನ್ನು ಅವರು ಜಮೀನಿನ ಪತ್ರಗಳ ಜೊತೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ.

ಪೇಟೆಯಲ್ಲಿರುವ ನಮ್ಮ ಸೋದರಮಾವ ಹಬ್ಬಕ್ಕೆ ಬಂದವರು ಜೇಬಿನಿಂದ ಹೆಬ್ಬೆರಳುದ್ದದ ಒಂದು ವಸ್ತುವನ್ನು ತೆಗೆದರು. ಫೋನಿನಲ್ಲಿ ಹೇಳಿ ತರಿಸಿದ್ದಂತೆ. ಗುಂಡಿ ಒತ್ತಿದೊಡನೆ ಎದುರುಗಡೆಯ ತೆಂಗಿನ ಮರದ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. “ಭಾವ, ಇದನ್ನು ನಳಿಗೆಗೆ ಕಟ್ಟಿಬಿಟ್ಟರೆ ಆಯಿತು, ಕತ್ತಲಲ್ಲೂ ಗುರಿ ತಪ್ಪೋದಿಲ್ಲ” ಎಂದರು. ಅಪ್ಪಯ್ಯ ಚುಕ್ಕೆಯನ್ನು ನೋಡಿದರು, ಕೋವಿಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿ, “ನೀನು ಓದಿದವ. ಇದನ್ನ ಕಟ್ಟಬಹುದೋ ಬಾರದೋ ಕಾಯಿದೆ ನೋಡಿ ಹೇಳು. ಲೈಸೆನ್ಸು ಹೋದರೆ ಮತ್ತೆ ಬರೋದಿಲ್ಲ” ಎಂದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪಯ್ಯ ನನ್ನ ವಿದ್ಯೆಗೆ ಕೆಲಸ ಕೊಟ್ಟದ್ದೂ ಅದೇ ಮೊದಲು. ಅಂದು ನನಗೆ ಉತ್ತರ ಹೇಳಲಾಗಲಿಲ್ಲ. ನಾಚಿಕೆಯಾಯಿತು. ಕಾಲೇಜಿಗೆ ಮರಳಿದ ಮೇಲೆ ಬಿಡುವಿನ ವೇಳೆಯಲ್ಲಿ ಕಾಯಿದೆಯ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ಆ ವಸ್ತುವಿನ ವಿಚಾರ. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದನು. ದೀಪದ ಬೆಳಕು ನಾಲ್ಕೂ ಕಡೆ ಚೆಲ್ಲುತ್ತದೆ. ಲೇಸರ್ ಬೆಳಕು ಹೆಚ್ಚು ಹರಡದೆ, ಎಳೆದು ಕಟ್ಟಿದ ದಾರದಂತೆ ನೇರವಾಗಿ ಸಾಗುತ್ತದೆ. ಈ ಗುಣವನ್ನೇ ಗುರಿಗೆ ಬಳಸಿಕೊಂಡಿದ್ದಾರೆ. ಚಿಕ್ಕದೊಂದು ಬ್ಯಾಟರಿ ಮತ್ತು ಲೇಸರ್ ಡಯೋಡನ್ನು ನಳಿಗೆಗೆ ಹೊಂದಿಕೊಂಡಂತೆ ಕಟ್ಟಿದರೆ, ನಳಿಗೆ ತೋರಿಸುವ ಕಡೆಯಲ್ಲಿ ಚುಕ್ಕೆ ಬೀಳುತ್ತದೆ. ಆಗ ನಳಿಗೆಯ ತುದಿಯ ಮೊಳೆಗೆ ಕಣ್ಣನ್ನು ಹೊಂದಿಸುವ ಶ್ರಮ ಇಲ್ಲ.

ಆದರೆ ಇಲ್ಲೊಂದು ಭ್ರಮೆಯೂ ಇದೆ. ಬೆಳಕು ನೇರವಾಗಿ ಹೋಗುತ್ತದೆ, ಗುಂಡು ಹೋಗುವುದಿಲ್ಲ. ಭೂಮಿಯ ಸೆಳೆತಕ್ಕೆ ಸಿಕ್ಕಿ ಗುಂಡು ಬಾಗುತ್ತ ಇಳಿಯುತ್ತದೆ. ಅಲ್ಲದೆ ಲೇಸರ್ ನಳಿಗೆಯ ಮೇಲೋ ಕೆಳಗೋ ಬೆರಳಗಲ ದೂರದಲ್ಲಿ ಕುಳಿತಿರುತ್ತದೆ. ಆದ್ದರಿಂದ ಯಾವುದೋ ಒಂದು ದೂರಕ್ಕೆ ಇವೆರಡನ್ನೂ ಸರಿಹೊಂದಿಸಬಹುದೇ ಹೊರತು ಎಲ್ಲ ದೂರಕ್ಕೂ ಅಲ್ಲ. ಇನ್ನು ನಮ್ಮ ಕೇಪಿನ ಕೋವಿಯಲ್ಲಿ ಹಾಕುವುದು ಚರೆ. ಅದು ನಳಿಗೆಯಿಂದ ಹೊರಬಿದ್ದೊಡನೆ ಎರಚಿಕೊಳ್ಳುತ್ತದೆ. ಹರಡಿಕೊಂಡು ಹೋಗುವ ಚರೆಗೆ ಸೂಜಿಮೊನೆಯಂಥ ಚುಕ್ಕೆ ಕಟ್ಟಿ ಹೆಚ್ಚಿನ ಫಲವಿಲ್ಲ.

ಈಗ ಕಾಯಿದೆ. ನಮ್ಮ ದೇಶದಲ್ಲಿ ಕೋವಿಗಳಿಗೆ ಆಧಾರವಾದದ್ದು 1959ರ ಆಯುಧಗಳ ಕಾಯಿದೆ. ಅದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಕೆಳಗೆ ಈಗ 2016ರ ಆಯುಧಗಳ ನಿಯಮಗಳಿವೆ. ಕಾಯಿದೆಯ 2ನೆಯ ಕಲಮು ‘ಬಂದೂಕು’ ಎಂದರೇನೆಂದು ಹೇಳುವಾಗ ಅದರ ಬಿಡಿಭಾಗಗಳನ್ನೂ ಸೇರಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಹೊಡೆದಾಗ ಆಗುವ ಸದ್ದನ್ನಾಗಲಿ ಬೆಂಕಿಯ ಮಿಂಚನ್ನಾಗಲಿ ತಗ್ಗಿಸುವ ಉಪಕರಣವನ್ನೂ ಬಂದೂಕೆಂದೇ ಪರಿಗಣಿಸುತ್ತದೆ. ಸದ್ದಡಗಿಸುವ ಕೊಳವೆಯೊಂದು ಗುಂಡು ಹಾರಿಸಲಾರದು. ಆದರೂ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಕಾರಣ ಸ್ಪಷ್ಟ: ಹೊಡೆದವನನ್ನು ಮರೆಮಾಡುವ ವಸ್ತು ಅದು.

ಲೇಸರಿನ ಹೆಸರು ಈ ವ್ಯಾಖ್ಯೆಯಲ್ಲಿ ಇಲ್ಲ. ಕಾಯಿದೆ ಹುಟ್ಟಿದಾಗ ಲೇಸರೇ ಹುಟ್ಟಿರಲಿಲ್ಲ. ಲೇಸರ್ ಸದ್ದನ್ನು ತಗ್ಗಿಸುವುದಿಲ್ಲ, ಮಿಂಚನ್ನು ಅಡಗಿಸುವುದಿಲ್ಲ. ಅದಿಲ್ಲದೆಯೂ ಕೋವಿ ಹಾರುವುದರಿಂದ ಅದನ್ನು ಬಿಡಿಭಾಗವೆನ್ನುವುದೂ ಕಷ್ಟ. ಸುಂಕದ ಪಟ್ಟಿಯಲ್ಲಿ ಇದೇ ವಿಚಾರ ಸ್ವಾರಸ್ಯವಾಗಿ ಬರುತ್ತದೆ. ಆಯುಧಗಳು ಅದರ 93ನೆಯ ಅಧ್ಯಾಯಕ್ಕೆ ಸೇರಿವೆ. ಆಯುಧಕ್ಕೆ ಜೋಡಿಸುವ ದೂರದರ್ಶಕ ಮತ್ತಿತರ ದೃಕ್ ಸಾಧನಗಳು, ಬಿಡಿಯಾಗಿ ಬಂದರೆ, ಕನ್ನಡಕ ಸೂಕ್ಷ್ಮದರ್ಶಕಗಳಿರುವ 90ನೆಯ ಅಧ್ಯಾಯಕ್ಕೆ ಸೇರುತ್ತವೆ. ಕೋವಿಗೆ ಜೋಡಿಸಿಯೇ ಬಂದರೆ ಅಥವಾ ಆ ಕೋವಿಯ ಜೊತೆಗೇ ಬಂದರೆ ಕೋವಿಯ ಅಧ್ಯಾಯಕ್ಕೇ. ಇದು ಸುಂಕದ ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ್ದಾದರೂ, ನಮ್ಮ ಪ್ರಶ್ನೆಯ ತಿರುಳು ಅದರಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಕೈಯಲ್ಲಿದ್ದಾಗ ಅದು ಬೆಳಕು. ಕೋವಿಯನ್ನು ಸೇರಿದಾಗ ಕೋವಿಗೆ ಅನ್ವಯವಾಗುವ ಕಟ್ಟುಪಾಡುಗಳ ನಡುವೆ ಬಂದು ನಿಲ್ಲುತ್ತದೆ.

ಆ ಕಟ್ಟುಪಾಡುಗಳು ಯಾವುವು? ಜೋಡಿಸುವ ಕೆಲಸವನ್ನೇ ಮೊದಲು ನೋಡೋಣ. 5ನೆಯ ಕಲಮಿನಂತೆ ಲೈಸೆನ್ಸಿಲ್ಲದೆ ಯಾರೂ ಬಂದೂಕನ್ನು ತಯಾರಿಸುವುದು, ಮಾರುವುದು ಮಾತ್ರವಲ್ಲ, ಮಾರ್ಪಡಿಸುವುದು, ರಿಪೇರಿ ಮಾಡುವುದೂ ಕೂಡದು. 6ನೆಯ ಕಲಮು ನಳಿಗೆ ಮೋಟು ಮಾಡುವುದನ್ನು ತಡೆಯುತ್ತದೆ; 2019ರ ತಿದ್ದುಪಡಿಯಾದ ಮೇಲೆ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ ತಡೆಯುತ್ತದೆ. ದಾರ ಕಟ್ಟಿ ಲೇಸರ್ ಕೂರಿಸುವುದು ಒಂದು ಮಾತು. ಅದು ನಿಲ್ಲುವುದಿಲ್ಲವೆಂದು ಊರಿನ ವೆಲ್ಡಿಂಗ್ ಅಂಗಡಿಗೆ ಕೋವಿಯನ್ನು ಒಯ್ದು, ನಳಿಗೆಗೆ ತೂತು ಕೊರೆಸಿ ಪಟ್ಟಿ ಬೆಸೆಸುವುದು ಬೇರೆ ಮಾತು. ಅಲ್ಲಿ ಕೋವಿಯನ್ನು ಕೊಟ್ಟವನೂ ಮುಟ್ಟಿದವನೂ ಇಬ್ಬರೂ ತೊಂದರೆಗೆ ಸಿಕ್ಕಬಹುದು. ಇಂಥ ಕೆಲಸಕ್ಕೆ ಲೈಸೆನ್ಸು ಪಡೆದ ಬಂದೂಕಿನ ಅಂಗಡಿಯವನೇ ಆಗಬೇಕು.

ಎರಡನೆಯದು ಲೈಸೆನ್ಸಿನ ಉದ್ದೇಶ. 13ನೆಯ ಕಲಮಿನಲ್ಲಿ ಬೆಳೆರಕ್ಷಣೆಯ ಮಾತು ಸ್ಪಷ್ಟವಾಗಿಯೇ ಬರುತ್ತದೆ. ಬೆಳೆಯನ್ನು ಕಾಯುವುದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬೇಕೆಂದು ಅದು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೆರೆಯಿಲ್ಲದ ಬೇರೆ ಕೋವಿಯನ್ನು ಕೊಡಬಹುದು. ಅಂದರೆ ರೈತನಿಗೆ ಕೊಟ್ಟ ಆಯುಧವನ್ನು ಕಾಯಿದೆ ಬೇಕೆಂದೇ ಸಾದಾ ಆಯುಧವನ್ನಾಗಿ ಇಟ್ಟಿದೆ. ಲೈಸೆನ್ಸಿನ ಷರತ್ತನ್ನು ಮೀರಿದವನಿಗೆ 30ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ರೈತನಿಗೆ ದಂಡಕ್ಕಿಂತ ದೊಡ್ಡ ಭಯವೆಂದರೆ ಲೈಸೆನ್ಸು ರದ್ದಾಗುವುದು. ಆದಕಾರಣ ಕೋವಿಗೆ ಏನನ್ನೇ ಜೋಡಿಸುವ ಮುಂಚೆ ಜಿಲ್ಲಾ ದಂಡಾಧಿಕಾರಿಗಳಿಗೆ ಒಂದು ಅರ್ಜಿ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ ಎಂದು ಕೆಲವರು ಕೇಳಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಆದರೆ ಅದು ಲೈಸೆನ್ಸಿನ ವಿನಾಯಿತಿಯೇ ಹೊರತು ಬೇಟೆಯ ಅನುಮತಿಯಲ್ಲ. ಬೇಟೆಯ ವಿಷಯ ಬೇರೊಂದು ಕಾಯಿದೆಗೆ ಸೇರಿದ್ದು. ನಮ್ಮ ಅಪ್ಪಯ್ಯನಿಗೂ ಕೊಡಗಿನವರಿಗೂ ಅದು ಒಂದೇ.

ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ 9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆದು ನಿಂತ ಪೈರಿಗೆ ಅದು ಅಪಾಯಕಾರಿಯಾದರೆ 11ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು, ಕಾರಣ ಸಹಿತ ಲಿಖಿತ ಆಜ್ಞೆಯ ಮೂಲಕ ಅದನ್ನು ಹೊಡೆಯಲು ಅನುಮತಿ ಕೊಡಬಹುದು. ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು. ಕೋವಿಯ ಲೈಸೆನ್ಸು ಒಂದು, ಹಂದಿಯ ಅನುಮತಿ ಮತ್ತೊಂದು. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಇದು ನಮ್ಮ ಊರಿನಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಬೆಳಕಿನ ವಿಷಯದಲ್ಲಿ ಈ ಕಾಯಿದೆಯ ಹಳೆಯ ರೂಪ ಇನ್ನೂ ಬಿಗಿಯಾಗಿತ್ತು. ಲೈಸೆನ್ಸು ಪಡೆದು ಬೇಟೆಯಾಡುವುದಕ್ಕೆ ಅವಕಾಶವಿದ್ದ ಆ ದಿನಗಳಲ್ಲಿ 17ನೆಯ ಕಲಮು, ವಿಶೇಷ ಅಪ್ಪಣೆಯ ಹೊರತು, ಕೃತಕ ಬೆಳಕನ್ನು ಬಳಸಿ ಬೇಟೆಯಾಡಬಾರದು, ರಾತ್ರಿ ಬೇಟೆಯಾಡಬಾರದು ಎಂದು ವಿಧಿಸಿತ್ತು. 1991ರಲ್ಲಿ ಲೈಸೆನ್ಸಿನ ಬೇಟೆಯೇ ನಿಂತುಹೋದ್ದರಿಂದ ಆ ಕಲಮನ್ನು ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿಯೂ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆ, ಕಾಡುಹಕ್ಕಿಗಳನ್ನು ಕೊಲ್ಲಲು ಗುರಿಯನ್ನು ಬೆಳಗುವ ಸಾಧನವನ್ನಾಗಲಿ ರಾತ್ರಿ ಹೊಡೆಯಲು ಬೇಕಾದ ಗುರಿಸಾಧನವನ್ನಾಗಲಿ ಬಳಸಬಾರದೆಂದಿದೆ. ಅಮೆರಿಕದಲ್ಲಿ ಲೇಸರ್ ಗುರಿಸಾಧನ ಸಾಮಾನ್ಯವಾಗಿ ಮುಕ್ತವಾಗಿ ಸಿಕ್ಕುತ್ತದೆ. ಆದರೆ ಚಿಕಾಗೋ ನಗರದ ನಿಬಂಧನೆ ಅದನ್ನು ಸದ್ದಡಗಿಸುವ ಕೊಳವೆಯ ಸಾಲಿನಲ್ಲಿಯೇ ನಿಲ್ಲಿಸಿ ನಿಷೇಧಿಸಿದೆ. ಅಂತರರಾಷ್ಟ್ರೀಯ ಪಿಸ್ತೂಲು ಸ್ಪರ್ಧೆಗಳ ನಿಯಮದಲ್ಲಿಯೂ ಲೇಸರಿಗೆ ಎಡೆಯಿಲ್ಲ. ಅಲ್ಲಿ ಪರೀಕ್ಷೆ ಕಣ್ಣಿಗೂ ಕೈಗೂ ಹೊರತು ಬ್ಯಾಟರಿಗಲ್ಲ.

ಕಣ್ಣಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಈ ಬೆಳಕು ಆಟಿಕೆಯಲ್ಲ. ಅಮೆರಿಕದಲ್ಲಿ ಗುರಿ ಹೊಂದಿಸಲು ಬಳಸುವ ಲೇಸರಿಗೆ 5 ಮಿಲಿವಾಟ್ ಎಂಬ ಮಿತಿ ಹಾಕಿರುವುದು ಕಣ್ಣಿನ ಪೊರೆ ಸುಡಬಾರದೆಂದು. ಕಣ್ಣನ್ನು ಶಾಶ್ವತವಾಗಿ ಕುರುಡು ಮಾಡಲೆಂದೇ ರಚಿಸಿದ ಲೇಸರ್ ಆಯುಧಗಳನ್ನು 1995ರಲ್ಲಿ ವಿಯೆನ್ನಾದಲ್ಲಿ ಅಂಗೀಕರಿಸಿದ ಒಪ್ಪಂದ ನಿಷೇಧಿಸಿತು. ಅದು 1998ರಲ್ಲಿ ಜಾರಿಗೆ ಬಂತು. ಗುರಿ ತೋರುವ ಲೇಸರು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಯುದ್ಧದಲ್ಲಿ ಕೂಡ ಬೆಳಕಿಗೊಂದು ಕಾನೂನು ಬೇಕಾಯಿತೆಂಬುದನ್ನು ಮರೆಯಬಾರದು.

ಇಷ್ಟನ್ನು ಓದಿದ ಮೇಲೆ ನನಗೆ ತೋರಿದ್ದು ಇದು. ಚುಕ್ಕೆ, ಕೋವಿ ಎತ್ತ ತಿರುಗಿದೆ ಎಂಬುದನ್ನು ಹೇಳುತ್ತದೆ. ಅಲ್ಲಿ ನಿಂತಿರುವುದು ಯಾರು ಎಂಬುದನ್ನು ಹೇಳುವುದಿಲ್ಲ. ಹಿಂದೊಮ್ಮೆ ನಮ್ಮ ಪಕ್ಕದ ಗದ್ದೆಯಲ್ಲಿ ರಾತ್ರಿ ಪೈರು ಅಲುಗಿದ್ದನ್ನು ಕಂಡು ಹಂದಿಯೆಂದು ಹೊಡೆದರು. ನೀರು ತಿರುಗಿಸಲು ಬಂದಿದ್ದ ನೆರೆಯವರ ಕಾಲಿಗೆ ಚರೆ ಬಿತ್ತು. ಅವರು ಇಂದಿಗೂ ಕುಂಟುತ್ತಾರೆ. ಅಂದು ಗುರಿ ತಪ್ಪಿರಲಿಲ್ಲ, ತಪ್ಪಿದ್ದು ಗುರುತು. ಲೇಸರ್ ಇದ್ದಿದ್ದರೆ ಚರೆ ಕಾಲಿನ ಬದಲು ಎದೆಗೇ ಬೀಳುತ್ತಿತ್ತೋ ಏನೋ. ಅಜಾಗರೂಕತೆಯಿಂದ ಒಬ್ಬರ ಜೀವ ಹೋದರೆ 2023ರ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಕತ್ತಲಲ್ಲಿ ಕೋವಿ ಹಿಡಿದವನಿಗೆ ಎಲ್ಲರಿಗಿಂತ ಹೆಚ್ಚಾಗಿ ಸಲ್ಲುತ್ತದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಇವೆಲ್ಲವನ್ನೂ ಅಪ್ಪಯ್ಯನಿಗೆ ಹೇಳಿದೆ. ಅವರು ಎಲೆಯಡಕೆ ಜಗಿಯುತ್ತ ಕೊನೆಯವರೆಗೂ ಕೇಳಿದರು. “ಹಾಗಾದರೆ ಹಂದಿಗೆ ಏನು ಮಾಡೋದು?” ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಬೇಡವೆಂದು ಹೇಳುವ ಕಾಯಿದೆಯನ್ನು ಓದಿ ಹೇಳಿದವನು ಬೇಕೆನ್ನುವುದಕ್ಕೂ ದಾರಿ ತೋರಿಸಬೇಕು. ಕಾಡುಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ದಯಾತ್ಮಕ ಧನ ಕೊಡುತ್ತದೆ. ಹೊಡೆಯುವ ಅನುಮತಿಗೂ ಅರ್ಜಿ ಹಾಕಬಹುದು. ಅಂದು ಸಂಜೆಯೇ ಜಗಲಿಯಲ್ಲಿ ಕುಳಿತು ಎರಡು ಅರ್ಜಿಗಳನ್ನು ಬರೆದೆ. ಅಪ್ಪಯ್ಯ ಎರಡೆರಡು ಸಲ ಓದಿಸಿ ಕೇಳಿ, ನಿಧಾನವಾಗಿ ತಮ್ಮ ಹೆಸರಿನ ನಾಲ್ಕು ಅಕ್ಷರಗಳನ್ನು ಕೆಳಗೆ ಬರೆದರು.

ಮಾವನ ಲೇಸರು ಬ್ಯಾಟರಿ ತೆಗೆಸಿಕೊಂಡು ಗೂಡಿನಲ್ಲಿ ಕುಳಿತಿದೆ. ಅರ್ಜಿಗೆ ಉತ್ತರ ಇನ್ನೂ ಬರಬೇಕಾಗಿದೆ. ಅಪ್ಪಯ್ಯ ಅದರ ನಕಲನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಲೈಸೆನ್ಸಿನ ಪಕ್ಕದಲ್ಲಿಯೇ ಇಟ್ಟಿದ್ದಾರೆ.