ನಡೆಯಬಲ್ಲ ಮಗುವಿಗೆ ಶಸ್ತ್ರಚಿಕಿತ್ಸೆ

ಬೆಳೆಯುವ ವಯಸ್ಸಿನ ಮಕ್ಕಳು ಬೆನ್ನುನೋವೆಂದರೆ ಮನೆಯ ಹಿರಿಯರು ಅದನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಆಟದಲ್ಲಿ ಉಳುಕಿರಬೇಕೆಂದು ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ಬಹುಪಾಲು ಅವರ ಊಹೆ ಸರಿಯೇ. ಆದರೆ ಮಲಗಿದೊಡನೆ ಹೆಚ್ಚುವ ನೋವು, ಸಮನೆಲದಲ್ಲೂ ಎಡವುವ ಕಾಲು, ಒಂದು ಪಕ್ಕಕ್ಕೆ ವಾಲತೊಡಗಿದ ಬೆನ್ನು, ಮೂತ್ರದ ಮೇಲೆ ತಪ್ಪುವ ಹಿಡಿತ – ಇವು ಅಪರೂಪಕ್ಕೆ ಬೆನ್ನುಹುರಿಯೊಳಗಿನ ಗಡ್ಡೆಯ ಸೂಚನೆಗಳಾಗಿರುತ್ತವೆ.

ಬೆನ್ನುಹುರಿ ಕಿರುಬೆರಳಿನಷ್ಟೇ ದಪ್ಪ. ಮಿದುಳಿನ ಆಜ್ಞೆ ಕಾಲಿಗೆ ಇಳಿಯುವುದೂ ಅಂಗಾಲಿನ ಅರಿವು ಮಿದುಳಿಗೆ ಏರುವುದೂ ಅದರ ಮೂಲಕವೇ. ಸುತ್ತಲೂ ಮೂಳೆಯ ಕೋಟೆ ಇರುವುದರಿಂದ ಒಳಗೆ ಬೆಳೆದ ಗಡ್ಡೆಗೆ ಹಿಗ್ಗಲು ಎಡೆಯಿಲ್ಲ. ಅದು ನರತಂತುಗಳನ್ನೇ ಅದುಮುತ್ತದೆ.

1887ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಬೆನ್ನುಹುರಿಯನ್ನು ಹೊರಗಿನಿಂದ ಒತ್ತುತ್ತಿದ್ದ ಗಡ್ಡೆಯೊಂದನ್ನು ತೆಗೆದರು. ರೋಗಿ ಮತ್ತೆ ನಡೆದಾಡಿದ. ಹುರಿಯ ಒಳಗೇ ಹುಟ್ಟಿದ ಗಡ್ಡೆಯ ಮಾತು ಬೇರೆ. ಅದನ್ನು ಮುಟ್ಟಲು ಹುರಿಯನ್ನೇ ಸೀಳಬೇಕು. ಆದಕಾರಣ ಬಹುಕಾಲ ವೈದ್ಯರು ಒಂದು ಚೂರನ್ನು ಪರೀಕ್ಷೆಗೆ ತೆಗೆದು, ವಿಕಿರಣ ಚಿಕಿತ್ಸೆ ಕೊಟ್ಟು ಸುಮ್ಮನಾಗುತ್ತಿದ್ದರು. ವಿಕಿರಣವಾದರೋ ಎಳೆಯ ಮೂಳೆಗಳ ಬೆಳವಣಿಗೆಯನ್ನೇ ಕುಂಠಿಸಬಲ್ಲದು.

1980ರ ದಶಕದಲ್ಲಿ ನ್ಯೂಯಾರ್ಕಿನ ಮಕ್ಕಳ ನರಶಸ್ತ್ರವೈದ್ಯ ಫ್ರೆಡ್ ಎಪ್‌ಸ್ಟೀನ್ ಈ ರೂಢಿಯನ್ನು ಪ್ರಶ್ನಿಸಿದರು. ಮಕ್ಕಳಲ್ಲಿ ಈ ಗಡ್ಡೆಗಳು ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವಂಥವು. ಆದಷ್ಟನ್ನೂ ತೆಗೆದುಬಿಟ್ಟರೆ ವರ್ಷಗಟ್ಟಲೆ ನೆಮ್ಮದಿ ದೊರೆಯುವುದು ಸಾಧ್ಯವಿತ್ತು. ಅವರ ಕೈಗೆ ಬಂದ ಉಪಕರಣ ಶ್ರವಣಾತೀತ ಕಂಪನದ್ದು. ಸೆಕೆಂಡಿಗೆ ಸುಮಾರು 23,000 ಬಾರಿ ಅದುರುವ ಅದರ ತುದಿ ಗಡ್ಡೆಯನ್ನು ಪುಡಿಮಾಡಿ ಹೀರಿಕೊಳ್ಳುತ್ತದೆ. ಪಕ್ಕದ ನರವನ್ನು ಎಳೆದಾಡಬೇಕಾಗಿಲ್ಲ. ಗಡ್ಡೆಯ ಎಲ್ಲೆಯನ್ನು ಮುಂಚಿತವಾಗಿಯೇ ತೋರಿಸುವ ಎಂ.ಆರ್.ಐ. ಚಿತ್ರವೂ, ಶಸ್ತ್ರಚಿಕಿತ್ಸೆಯ ನಡುವೆಯೇ ನರಮಾರ್ಗದ ವಿದ್ಯುತ್ ಸಂಕೇತಗಳನ್ನು ಕಾಯುವ ಯಂತ್ರವೂ ಅದಕ್ಕೆ ಜೊತೆಗೂಡಿದವು.

ಆದರೂ ತಂದೆತಾಯಿಯರ ಸಂಕಟ ಉಳಿದೇ ಇದೆ. ಶಸ್ತ್ರಚಿಕಿತ್ಸೆಯ ನಂತರ ಮಗು ಎಷ್ಟು ನಡೆದೀತು ಎಂಬುದು, ಮೊದಲು ಎಷ್ಟು ನಡೆಯುತ್ತಿತ್ತು ಎಂಬುದನ್ನು ಬಹಳವಾಗಿ ಅವಲಂಬಿಸಿದೆ. ಪೂರ್ತಿ ಸೋತ ಕಾಲಿಗೆ ಬಲ ಮರಳುವುದು ವಿರಳ. ಎಂದರೆ, ಇನ್ನೂ ಓಡಾಡುತ್ತಿರುವ ಹುಡುಗಿಯನ್ನೇ, ಅವಳ ನಡಿಗೆಯನ್ನು ಪಣಕ್ಕಿಟ್ಟು, ಶಸ್ತ್ರಚಿಕಿತ್ಸೆಗೆ ಒಪ್ಪಿಸಬೇಕು. ಕಾದು ನೋಡೋಣವೆಂಬುದು ಎಷ್ಟು ಸಹಜ! ಹಾಗೆ ಕಾಯುವ ದಿನಗಳೇ ಕೆಲವೊಮ್ಮೆ ತುಟ್ಟಿಯಾಗುತ್ತವೆ.

ಶಸ್ತ್ರಚಿಕಿತ್ಸೆಯ ಮರುದಿನ ಸ್ಥಿತಿ ಹಿಂದಿಗಿಂತ ಕೆಟ್ಟಿರುವುದೂ ಉಂಟು. ಇದನ್ನು ಮೊದಲೇ ತಿಳಿಸದಿದ್ದರೆ ಮನೆಯವರು ಎದೆಗುಂದುತ್ತಾರೆ. ಹುರಿಯನ್ನು ಸಾಮಾನ್ಯವಾಗಿ ಹಿಂಬದಿಯ ನಡುಗೆರೆಯಲ್ಲಿ ಸೀಳುತ್ತಾರೆ. ಕೈಕಾಲು ಎಲ್ಲಿವೆ ಎಂಬ ಅರಿವನ್ನು ಒಯ್ಯುವ ತಂತುಗಳಿರುವುದು ಅಲ್ಲಿಯೇ. ಕಾಲಿನಲ್ಲಿ ಬಲವಿದ್ದರೂ ಅದು ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ತಿಳಿಯದು. ಆಗ ಕಣ್ಣು ಆ ಕೆಲಸವನ್ನು ವಹಿಸಿಕೊಳ್ಳಬೇಕು. ಹದಿನೈದರ ಹುಡುಗ ಎರಡು ಸರಳುಗಳ ನಡುವೆ ನಿಂತು, ತನ್ನ ಪಾದವನ್ನೇ ನೋಡುತ್ತ, ಮಗುವಿನಂತೆ ಹೆಜ್ಜೆ ಕಲಿಯುತ್ತಾನೆ. ಬೆಳಕಿನಲ್ಲಿ ನಡೆಯುವವನು ದೀಪವಾರಿದೊಡನೆ ತಡವರಿಸುತ್ತಾನೆ. ವಾರಗಳು, ತಿಂಗಳುಗಳು ಕಳೆದಂತೆ ಹಲವರಲ್ಲಿ ಆ ಅರಿವು ಒಂದಿಷ್ಟಾದರೂ ಮರಳುತ್ತದೆ.

ಶಾಲೆಗೆ ಹಿಂತಿರುಗಿದ ಮೇಲೂ ತಪಾಸಣೆ ಮುಗಿಯದು. ಬೆನ್ನು ಬಾಗುತ್ತಿದೆಯೇ ಎಂದು ಎತ್ತರ ನಿಲ್ಲುವವರೆಗೂ ನೋಡುತ್ತಿರಬೇಕು. ಗಡ್ಡೆ ಮರುಕಳಿಸಿದೆಯೇ ಎಂದರಿಯಲು ಎಂ.ಆರ್.ಐ. ಚಿತ್ರವನ್ನು ಹಲವು ವರ್ಷ ತೆಗೆಸುತ್ತಿರಬೇಕು.